ಐದು ವರ್ಷದ ಡೈರಿ: ಕೊಳ್ಳುವ ಮುನ್ನ, ಬರೆಯುವ ಮುನ್ನ

ದಿನಕ್ಕೊಂದು ಪುಟ, ಪುಟಕ್ಕೆ ಐದು ಖಾನೆ, ಖಾನೆಗೆ ನಾಲ್ಕೈದು ಸಾಲು. ಐದು ವರ್ಷದ ಡೈರಿಯ ರಚನೆ ಇಷ್ಟೇ. ಜೂನ್ 12ರ ಪುಟದ ಮೊದಲ ಖಾನೆಯಲ್ಲಿ ಈ ವರ್ಷದ ಜೂನ್ 12, ಅದರ ಕೆಳಗೆ ಮುಂದಿನ ವರ್ಷದ್ದು, ಹೀಗೆ ಐದು. ಮೊದಲ ವರ್ಷ ಪೂರ್ತಿ ಇದು ಅಗತ್ಯಕ್ಕಿಂತ ದಪ್ಪನೆಯ ನೋಟ್‌ಬುಕ್ಕಿನ ಹಾಗೇ ಇರುತ್ತದೆ. ಇದರ ಗುಣ ಗೊತ್ತಾಗುವುದು ಅದೇ ತಾರೀಖು ಮರಳಿ ಬಂದಾಗ: ಇಂದಿನ ಖಾಲಿ ಜಾಗದ ಮೇಲುಗಡೆಯೇ ಹೋದ ವರ್ಷದ ಇದೇ ದಿನ ಕೂತಿರುತ್ತದೆ.

ದಿನದ ಬದುಕು, ಗಿಡ-ಹಕ್ಕಿ-ಆಕಾಶ, ಪ್ರೀತಿ, ಧ್ಯಾನ ಇವನ್ನೆಲ್ಲ ತನಗಾಗಿ ಬರೆದಿಡುವವರಿಗೆ ಸಿಗುವ ಪುಸ್ತಕಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಬೇರೆ ನೋಟ್‌ಬುಕ್ ತುಂಬಿದ ಮೇಲೆ ಕಪಾಟು ಸೇರಿ ಮರೆತುಹೋಗುತ್ತದೆ. ಇದು ಬರೆದದ್ದನ್ನು ತಾನಾಗಿಯೇ ಮತ್ತೆ ಓದಿಸುತ್ತದೆ. ಇದರ ದೊಡ್ಡ ದೋಷ ಕೂಡ ಅದೇ. ಓದಲು ಮನಸ್ಸು ಸಿದ್ಧವಿಲ್ಲದ ದಿನವೂ ಓದಿಸುತ್ತದೆ. ಅದಕ್ಕೊಂದು ಸರಳ ಉಪಾಯವಿದೆ, ಮುಂದೆ ಹೇಳುತ್ತೇನೆ. ಯಾವುದೋ ಒಂದು ಕಂಪನಿಯ ಡೈರಿಯನ್ನು ಇಲ್ಲಿ ತೂಗಿ ನೋಡುತ್ತಿಲ್ಲ. ಈ ಮಾದರಿಯನ್ನೇ, ಅದು ಬರುವ ಅಳತೆ, ಕಾಗದ, ಬೈಂಡಿಂಗ್ ಸಮೇತ ನೋಡೋಣ.

ಮೊದಲು ಅಳತೆ. ಅಂಗಡಿಯಲ್ಲಿ ಕೈ ಹೋಗುವುದು ಮುದ್ದಾದ ಎ6 ಕಡೆಗೆ, ಅಂದರೆ 105 × 148 ಮಿಲಿಮೀಟರ್. ಜೇಬಿನಲ್ಲಿ, ದಿಂಬಿನ ಪಕ್ಕದಲ್ಲಿ ಎಲ್ಲಾದರೂ ಇರುತ್ತದೆ. ಕನ್ನಡದಲ್ಲಿ ಬರೆಯುವವರು ಅದನ್ನು ಕೊಳ್ಳಬೇಡಿ. ಎ6 ಪುಟದಲ್ಲಿ ತಲೆಬರಹ ಮತ್ತು ಅಂಚು ಕಳೆದರೆ ಉಳಿಯುವುದು ಸುಮಾರು 130 ಮಿ.ಮೀ. ಎತ್ತರ. ಐದು ಖಾನೆಗೆ ಹಂಚಿದರೆ ತಲಾ 26 ಮಿ.ಮೀ. ಅಷ್ಟರಲ್ಲಿ ಐದು ಸಾಲು ತುರುಕಲು ತಯಾರಕರು ಗೆರೆಗಳ ಅಂತರವನ್ನು 5 ಮಿ.ಮೀ.ಗೆ ಇಳಿಸುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ಕನ್ನಡಕ್ಕೆ ಸಾಲದು, ಏಕೆಂದರೆ ನಮ್ಮ ಅಕ್ಷರ ಗೆರೆಯ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಮಧ್ಯಮ ಗಾತ್ರದ ಕೈಬರಹದಲ್ಲಿ ಅಕ್ಷರದ ಮೈ 3 ಮಿ.ಮೀ. ಇದ್ದರೆ ಮೇಲಿನ ಗುಡಿಸಿಗೆ ಒಂದೂವರೆ, ಕೆಳಗಿನ ಒತ್ತಿಗೆ ಎರಡು ಎರಡೂವರೆ ಬೇಕು. ಮೇಲಿನ ಸಾಲಿನಲ್ಲಿ 'ಸ್ವಾತಂತ್ರ್ಯ' ಬರೆದು, ಅದರ ನೇರ ಕೆಳಗೆ 'ಹೀಗೆ' ಬಂತೆಂದರೆ ಒತ್ತುಗಳು ಹೋಗಿ ಗುಡಿಸಿಗೆ ತಗಲುತ್ತವೆ. ಬರೆದ ದಿನ ಓದಬಹುದು; ಮೂರು ವರ್ಷದ ನಂತರ ಅದೇ ಸಾಲನ್ನು ಕಣ್ಣು ಕಿರಿದು ಮಾಡಿ ಬಿಡಿಸಬೇಕಾಗುತ್ತದೆ. ಮರಳಿ ಓದುವುದಕ್ಕೇ ಕೊಂಡ ಪುಸ್ತಕದಲ್ಲಿ ಇದು ಸಣ್ಣ ತೊಂದರೆ ಎನ್ನುವಂತಿಲ್ಲ.

ಎ5, ಅಂದರೆ 148 × 210 ಮಿ.ಮೀ., ಸರಿಯಾದ ಆಯ್ಕೆ. ಪ್ರತಿ ಖಾನೆಗೆ 36 ಮಿ.ಮೀ. ಸಿಗುತ್ತದೆ, 7 ಮಿ.ಮೀ. ಅಂತರದ ಐದು ಸಾಲು ಆರಾಮಾಗಿ ಕೂರುತ್ತವೆ. ಅಂಚು, ಇಸವಿ ಬರೆಯುವ ಜಾಗ ಕಳೆದು ಸಾಲಿನ ಉದ್ದ ಸುಮಾರು 115 ಮಿ.ಮೀ. ಉಳಿಯುತ್ತದೆ, ಅಂದರೆ ಸಾಲಿಗೆ ಐದು ಪದ, ಖಾನೆಗೆ 25ರಿಂದ 28 ಪದ. ನಮ್ಮ ಪದಗಳೇ ಉದ್ದ. 'ಹೇಳಬೇಕೆಂದುಕೊಂಡಿದ್ದೆ' ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಇಂಥ ಕಡೆ ಕ್ರಿಯಾಪದವನ್ನು ಚಿಕ್ಕದು ಮಾಡುವ ಅಭ್ಯಾಸ ತಾನಾಗಿ ಬರುತ್ತದೆ, ಬರವಣಿಗೆಗೂ ಒಳ್ಳೆಯದು. ಚುಕ್ಕಿ ಅಥವಾ ಚೌಕುಳಿ ಪುಟಕ್ಕಿಂತ ಗೆರೆಯ ಪುಟ ಮೇಲು. ಚೌಕುಳಿಯ ನಡುವೆ ಒತ್ತಕ್ಷರ ಕಳೆದುಹೋಗುತ್ತದೆ.

ಬೈಂಡಿಂಗ್ ವಿಷಯದಲ್ಲಿ ರಾಜಿ ಬೇಡ. ಐದು ವರ್ಷ ಎಂದರೆ 1826 ದಿನ, ಅಧಿಕ ವರ್ಷ ಎರಡು ಸಲ ಬಂದರೆ 1827. ಅಷ್ಟು ಸಲ ಪುಸ್ತಕವನ್ನು ಬಿಡಿಸಿ, ಒತ್ತಿ, ಚಪ್ಪಟೆ ಮಾಡಿ ಬರೆಯುತ್ತೀರಿ. ಓದುವ ಪುಸ್ತಕಕ್ಕೆ ಇಷ್ಟು ಹಿಂಸೆ ಎಂದೂ ಆಗುವುದಿಲ್ಲ. ಬೆನ್ನಿಗೆ ಬರೀ ಅಂಟು ಹಾಕಿದ ಗಮ್ ಬೈಂಡಿಂಗ್ ಇದನ್ನು ತಾಳುವುದಿಲ್ಲ: ಬಿಸಿ ಅಂಟು ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ, ಹಾಳೆ ಒಂದೊಂದಾಗಿ ಕಳಚುತ್ತದೆ. ಒಂದು ಹಾಳೆ ಕಳೆದರೆ ಇಲ್ಲಿ ಹೋಗುವುದು ಎರಡು ದಿನವಲ್ಲ, ಎರಡು ತಾರೀಖಿನ ಐದೈದು ವರ್ಷ. ಹಾಗಾಗಿ ದಾರದ ಹೊಲಿಗೆ ಬೈಂಡಿಂಗ್ ಇರಲೇಬೇಕು. ಗುರುತಿಸುವುದು ಸುಲಭ. ಪುಸ್ತಕವನ್ನು ನಿಲ್ಲಿಸಿ ಬೆನ್ನಿನ ಮೇಲ್ತುದಿಯನ್ನು ನೋಡಿ: ಮಡಚಿದ ಹಾಳೆಗಳ ಸಣ್ಣ ಸಣ್ಣ ಕಟ್ಟು, ಅಂದರೆ ಫಾರಂಗಳು, ಸಾಲಾಗಿ ಕಾಣಬೇಕು. ಆಮೇಲೆ ಯಾವುದಾದರೂ ಫಾರಂನ ನಟ್ಟನಡುವೆ ಬಿಡಿಸಿದರೆ ದಾರದ ಹೊಲಿಗೆ ಕಾಣಬೇಕು. ಹಾಳೆಗಳೆಲ್ಲ ಒಂದೇ ಗೆರೆಯಲ್ಲಿ ಕತ್ತರಿಸಿ ಅಂಟಿಗೆ ಹಚ್ಚಿದಂತಿದ್ದರೆ ವಾಪಸ್ ಇಟ್ಟುಬಿಡಿ.

ಹೊಲಿಗೆ ಇದ್ದರೂ ಹೊಸ ಪುಸ್ತಕವನ್ನು ಮೊದಲ ದಿನವೇ ನಡುವೆ ಹಿಡಿದು ಮುರಿಯುವ ಹಾಗೆ ಬಿಡಿಸಬಾರದು. ಬೆನ್ನನ್ನು ಮೇಜಿನ ಮೇಲಿಟ್ಟು, ಮುಂದಿನ ರಟ್ಟು ಬಿಡಿಸಿ, ಹತ್ತು ಹಾಳೆ ಅದರ ಮೇಲೆ ಒತ್ತಿ. ಹಿಂದಿನ ರಟ್ಟಿನ ಕಡೆಯಿಂದ ಹತ್ತು. ಹೀಗೆ ಎರಡೂ ಕಡೆಯಿಂದ ನಡುವಿಗೆ ಬನ್ನಿ. ಐದು ನಿಮಿಷದ ಕೆಲಸ. ಬೆನ್ನು ಎಲ್ಲ ಕಡೆ ಸಮವಾಗಿ ಸಡಿಲವಾಗುತ್ತದೆ.

ಯಾವ ಜಾಹೀರಾತೂ ಹೇಳದ ಒಂದು ಸಂಗತಿ: ಐದನೆಯ ವರ್ಷದ ಖಾನೆ ಪುಟದ ತಳದಲ್ಲಿದೆ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ 183 ಹಾಳೆ ಸೇರಿದರೆ ದಪ್ಪ ಸುಮಾರು 18 ಮಿ.ಮೀ., ರಟ್ಟು ಬೇರೆ. ತಳದ ಖಾನೆ ಬರೆಯುವಾಗ ಅಂಗೈಯ ತುದಿ ಆ ಅಂಚಿನಿಂದ ಕೆಳಗೆ ಜಾರಿ ಮಣಿಕಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಅಷ್ಟೇ ದಪ್ಪದ ಇನ್ನೊಂದು ಪುಸ್ತಕವನ್ನು ಕೆಳಗಡೆ ತಾಗಿಸಿ ಇಟ್ಟುಕೊಂಡರೆ ಸರಿಹೋಗುತ್ತದೆ. ಜನವರಿಯಲ್ಲಿ ಎಡಭಾಗ ತೆಳ್ಳಗೆ, ಡಿಸೆಂಬರಿನಲ್ಲಿ ಬಲಭಾಗ ತೆಳ್ಳಗೆ ಇರುವುದರಿಂದ ಆ ತಿಂಗಳುಗಳಲ್ಲಿ ತೆಳ್ಳಗಿನ ಕಡೆಗೂ ಒಂದು ಆಸರೆ ಬೇಕು. ಒಳ ಅಂಚು 15 ಮಿ.ಮೀ.ಗಿಂತ ಕಡಿಮೆ ಇದ್ದರೆ ಎಡಪುಟದ ಸಾಲಿನ ಕೊನೆಯ ಪದ ಬೆನ್ನಿನ ಇಳಿಜಾರಿನೊಳಗೆ ಹೋಗುತ್ತದೆ. ಕೊಳ್ಳುವಾಗಲೇ ಅಳೆದು ನೋಡಿ.

ಕಾಗದ ಎರಡು ಬಗೆ. 80 ಜಿಎಸ್‌ಎಂನದು ಗಟ್ಟಿ, ಆದರೆ ಎ5ರಲ್ಲಿ ಹಾಳೆಗಳದ್ದೇ ಸುಮಾರು 455 ಗ್ರಾಂ ತೂಕ. 52 ಜಿಎಸ್‌ಎಂನ ತೆಳು ಕಾಗದದ್ದು 300 ಗ್ರಾಂ ಒಳಗೆ ಬರುತ್ತದೆ, ಮಸಿ ಹರಡದಂತೆ ಹದ ಮಾಡಿದ್ದಾದರೆ ಫೌಂಟನ್ ಪೆನ್ನಿಗೂ ಚೆನ್ನ. ಆದರೆ ಹಿಂಬದಿಯ ಬರಹ ನೆರಳಿನ ಹಾಗೆ ಕಾಣುತ್ತದೆ, ಬಾಲ್ ಪೆನ್ ಒತ್ತಿ ಬರೆದರೆ ಹಿಂದೆ ಉಬ್ಬು ಮೂಡುತ್ತದೆ. ಮನೆಯಲ್ಲೇ ಇಟ್ಟು ಬರೆಯುವವರು 80 ತೆಗೆದುಕೊಳ್ಳಿ. ಐಎಸ್‌ಒ 9706 ಗುರುತು ಇದ್ದರೆ ಇನ್ನೂ ಒಳ್ಳೆಯದು. ಅದು ದೀರ್ಘಕಾಲ ಬಾಳುವ ಕಾಗದದ ಮಾನದಂಡ: ಆಮ್ಲೀಯವಾಗಿರಬಾರದು, ಮುಂದೆ ಹುಟ್ಟುವ ಆಮ್ಲವನ್ನು ತಡೆಯುವಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಕ್ಷಾರ ಕಾಗದದಲ್ಲೇ ಇರಬೇಕು. ಹಳೆಯ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುವುದು ಈ ಆಮ್ಲದಿಂದಲೇ.

ಪೆನ್ನಿನ ಬಗ್ಗೆ ಜನ ಯೋಚಿಸುವುದು ಕಡಿಮೆ. 0.5ರ ಕಪ್ಪು ಜೆಲ್ ಪೆನ್, ಪಿಗ್ಮೆಂಟ್ ಮಸಿಯದ್ದು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಣ್ಣದ ಕಣ ಕಾಗದದಲ್ಲಿ ಕೂತುಬಿಡುತ್ತದೆ, ನೀರು ಬಿದ್ದರೂ ತೊಳೆದುಹೋಗುವುದಿಲ್ಲ. ಫೌಂಟನ್ ಪೆನ್ನಿನ ಸಾಧಾರಣ ಮಸಿ ಬಹುಪಾಲು ನೀರಿನಲ್ಲಿ ಕರಗುವ ಬಣ್ಣ. ಒಂದು ಲೋಟ ನೀರು ಚೆಲ್ಲಿದರೆ ಐದು ವರ್ಷ ಒಟ್ಟಿಗೆ ಅಳಿಸುತ್ತದೆ. ಪೆನ್ಸಿಲ್ ಬಿಸಿಲಿಗೆ ಮಾಸುವುದಿಲ್ಲ, ಆದರೆ ಪುಟ ಪದೇ ಪದೇ ತಿರುವಿದಂತೆ ಎದುರಿನ ಪುಟಕ್ಕೆ ಉಜ್ಜಿ ಮಸುಕಾಗುತ್ತದೆ. ಉಜ್ಜಿದರೆ ಅಳಿಸುವ ಪೆನ್ ಮಾತ್ರ ಖಂಡಿತ ಬೇಡ. ಅದರ ಮಸಿ ಅಳಿಯುವುದು ಉಜ್ಜುವ ಬಿಸಿಗೆ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಮರೆತ ಡೈರಿ ಖಾಲಿಯಾಗಬಹುದು. ಯಾವ ಪೆನ್ನೇ ಆಗಲಿ, ಕೊನೆಯ ಪುಟದಲ್ಲಿ ಎರಡು ಸಾಲು ಬರೆದು, ಒಂದು ದಿನ ಬಿಟ್ಟು, ಒಂದು ಹನಿ ನೀರು ಹಾಕಿ ಒಂದು ನಿಮಿಷದ ನಂತರ ಒತ್ತಿ ತೆಗೆಯಿರಿ. ಹರಡಿದರೆ ಆ ಪೆನ್ ಬೇರೆ ಕೆಲಸಕ್ಕಿರಲಿ.

ಉಳಿದ ಅಲಂಕಾರಗಳಿಗೆ ಬೆಲೆ ಕೊಡಬೇಡಿ. ಎಲಾಸ್ಟಿಕ್ ಪಟ್ಟಿ ಐದು ವರ್ಷ ಮುಗಿಯುವ ಮೊದಲೇ ಜೋಲುಬೀಳುತ್ತದೆ. ಪುಟ್ಟ ಬೀಗದ ಡೈರಿಯ ಬೀಗ ಹೇರ್‌ಪಿನ್ನಿಗೂ ತೆರೆದುಕೊಳ್ಳುತ್ತದೆ. ಗುಟ್ಟು ಉಳಿಯಬೇಕೆಂದರೆ ಡೈರಿ ಇಡುವ ಜಾಗ ಮುಖ್ಯ, ಮನೆಯವರ ಜೊತೆ ಒಂದು ಸ್ಪಷ್ಟ ಮಾತು ಅದಕ್ಕಿಂತ ಮುಖ್ಯ. ಪುಟ ಗುರುತಿನ ರಿಬ್ಬನ್ ಒಂದಿದ್ದರೆ ಸಾಕು, ತುದಿಗೆ ಒಂದು ಹನಿ ಗೋಂದು ಹಚ್ಚಿಬಿಡಿ, ಎಳೆ ಬಿಡುವುದಿಲ್ಲ.

ಇನ್ನು ಬಳಕೆ. ಇಸವಿ ಮತ್ತು ವಾರ ಅಚ್ಚಾಗಿರದ, ತಾರೀಖು ಮಾತ್ರ ಇರುವ ಡೈರಿ ಒಳ್ಳೆಯದು, ಆದರೆ ವಾರವನ್ನು ನೀವೇ ಬರೆಯುವುದನ್ನು ಮರೆಯಬೇಡಿ. ಒಂದು ತಾರೀಖು ಪ್ರತಿ ವರ್ಷ ವಾರದಲ್ಲಿ ಒಂದು ದಿನ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. ಹಾಗಾಗಿ ಒಂದೇ ಪುಟದ ಐದು ಖಾನೆಗಳು ಎಂದೂ ಒಂದೇ ವಾರಕ್ಕೆ ಬರುವುದಿಲ್ಲ, ಐದೂ ಬೇರೆ ಬೇರೆ. ವಾರ ಬರೆದಿರದಿದ್ದರೆ ಹೋದ ವರ್ಷದ ನೆಮ್ಮದಿಯ ಭಾನುವಾರವನ್ನು ಈ ವರ್ಷದ ದಣಿದ ಸೋಮವಾರದ ಪಕ್ಕ ಇಟ್ಟು 'ನನ್ನ ಬದುಕು ಕೆಟ್ಟಿತು' ಅಂದುಕೊಳ್ಳುವುದು ಸುಲಭ. ಎಷ್ಟೋ ಸಲ ಬದಲಾಗಿರುವುದು ವಾರ ಅಷ್ಟೆ.

ಪ್ರಕೃತಿಯ ಟಿಪ್ಪಣಿಗೆ ಈ ಡೈರಿಯಷ್ಟು ಒಗ್ಗುವ ಪುಸ್ತಕ ಇನ್ನೊಂದಿಲ್ಲ. ಸೂರ್ಯ ಅದೇ ತಾರೀಖಿಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಹುಟ್ಟುತ್ತಾನೆ, ಬೆಳಕು ಅದೇ ಕಿಟಕಿಯಿಂದ ಅದೇ ಗೋಡೆಗೆ ಬೀಳುತ್ತದೆ. ಚಂದ್ರನ ಲೆಕ್ಕ ಬೇರೆ. ಹನ್ನೆರಡು ಚಾಂದ್ರಮಾಸ ಸುಮಾರು 354 ದಿನ; ಅಂದರೆ ಅದೇ ತಾರೀಖಿಗೆ ಚಂದ್ರ ಪ್ರತಿ ವರ್ಷ ಸುಮಾರು 11 ದಿನ ಮುಂದೆ ಹೋಗಿರುತ್ತಾನೆ. ಮೊದಲ ಖಾನೆಯಲ್ಲಿ ಹುಣ್ಣಿಮೆ ಇದ್ದರೆ ನಾಲ್ಕನೆಯದರಲ್ಲಿ ಹುಣ್ಣಿಮೆಯ ಆಸುಪಾಸು, ಐದನೆಯದರಲ್ಲಿ ಅಮಾವಾಸ್ಯೆಯ ಹತ್ತಿರ. ಪುಟ ತುಂಬಿದಾಗ ಇದು ಪುಸ್ತಕದಲ್ಲೇ ಕಾಣುವಂತೆ ಮಾಡಲು ಖಾನೆಯ ಮೂಲೆಯಲ್ಲಿ ಚಂದ್ರನ ಆಕಾರ ಸಣ್ಣದಾಗಿ ಬಿಡಿಸಿ, ಒಂದೂ ಪದ ಖರ್ಚಾಗುವುದಿಲ್ಲ. ತಾರೀಖು ಹಿಡಿದು ಋತುವನ್ನು ಬರೆಯುವ ಅಭ್ಯಾಸ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಮಾರ್ಶಮ್ 1736ರಲ್ಲಿ ಮೊದಲ ಹೂವು, ಮೊದಲ ಚಿಗುರು, ಹಕ್ಕಿಗಳ ಬರವು ಇವುಗಳ ದಿನ ಗುರುತಿಸಲು ಶುರುಮಾಡಿದ್ದನ್ನು ಅವರ ವಂಶದವರು 1958ರವರೆಗೆ ಮುಂದುವರಿಸಿದರು. ಹವಾಮಾನದ ಬದಲಾವಣೆಯನ್ನು ಅಧ್ಯಯನ ಮಾಡುವವರಿಗೆ ಇಂದು ಆ ಪಟ್ಟಿ ಒಂದು ನಿಧಿ.

ಅಂಥ ಉಪಯೋಗ ಬರಬೇಕೆಂದರೆ ಹೇಗೆ ಬರೆಯುತ್ತೀರಿ ಎನ್ನುವುದು ಮುಖ್ಯ. 'ಇವತ್ತಿನ ಸಂಜೆ ತುಂಬಾ ಸುಂದರವಾಗಿತ್ತು, ಮನಸ್ಸಿಗೆ ಹಿತವಾಯಿತು' ಎಂದು ಬರೆದರೆ ಮುಂದಿನ ವರ್ಷ ಅಲ್ಲಿ ಓದಲು ಏನೂ ಇರುವುದಿಲ್ಲ. ಅದೇ ಜಾಗದಲ್ಲಿ ಹೀಗೆ ಬರೆಯಬಹುದು: 'ಗುರುವಾರ. 5:40ಕ್ಕೆ ಮಳೆ ನಿಂತಿತು. ಕಲ್ಲಿನ ಸಂದಿಯಿಂದ ರೆಕ್ಕೆ ಹುಳ ಎದ್ದವು. ರಾತ್ರಿ ದೀಪದ ಕೆಳಗೆ ಹುಳವಿಲ್ಲ, ಬರೀ ರೆಕ್ಕೆ. ಗುಡಿಸಲು ಮನಸ್ಸಾಗಲಿಲ್ಲ.' ಗಂಟೆ, ಜಾಗ, ಕಂಡದ್ದು, ಕೊನೆಗೆ ಮನಸ್ಸಿನ ಒಂದೇ ಚಲನೆ. ಈ ಕ್ರಮದಲ್ಲಿ ಬರೆದರೆ ಐದು ಸಾಲು ಸಾಕಾಗುತ್ತದೆ.

ಪ್ರೀತಿಯ ವಿಷಯದಲ್ಲಿ ಈ ಪುಸ್ತಕ ಕಠಿಣ. 'ಅವಳೆಂದರೆ ಪ್ರಾಣ' ಎಂಬ ಸಾಲು ಬರೆದ ರಾತ್ರಿ ನಿಜ, ಆದರೆ ಎರಡು ವರ್ಷದ ಮೇಲೆ ಓದಿದರೆ ಯಾರು ಯಾರಿಗೂ ಹೇಳಬಹುದಾದ ಮಾತಿನಂತೆ ಕೇಳುತ್ತದೆ. ಉಳಿಯುವುದು ನಡೆದದ್ದು. 'ತಡವಾಗಿ ಬಂದೆ. ಕಾಯದೆ ಮಲಗಿದ್ದಳು. ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು, ಪಕ್ಕದಲ್ಲಿ ನೀರಿನ ಲೋಟ, ಅದರ ಮೇಲೂ ಒಂದು ಮುಚ್ಚಳ.' ಇದರಲ್ಲಿ ಪ್ರೀತಿ ಎಂಬ ಪದವೇ ಇಲ್ಲ. ಜಗಳವನ್ನು ಬರೆಯುವಾಗ ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ, ತೀರ್ಪು ಬರೆಯಬೇಡಿ. ತೀರ್ಪು ಮುಂದಿನ ವರ್ಷ ಅದೇ ತಾರೀಖಿಗೆ ಮತ್ತೆ ಎದ್ದು ಕೂರುತ್ತದೆ, ಅಷ್ಟರಲ್ಲಿ ನೀವಿಬ್ಬರೂ ಅದನ್ನು ದಾಟಿ ಬಂದಿರುತ್ತೀರಿ.

ಮೊದಲೇ ಹೇಳಿದ ಉಪಾಯ ಇಲ್ಲಿ ಬೇಕು. ಮೇಲಿನ ಖಾನೆಗಳು ಕಾಣುತ್ತಿದ್ದರೆ ಇಂದಿನದು ಅವುಗಳಿಗೆ ಉತ್ತರದಂತೆ ಆಗಿಬಿಡುತ್ತದೆ. ಹೋದ ವರ್ಷ ಖುಷಿಯಿದ್ದರೆ ಇಂದಿನ ಸಾಧಾರಣ ದಿನ ಬಡವಾಗಿ ಕಾಣುತ್ತದೆ, ದುಃಖವಿದ್ದರೆ ಪೆನ್ ಹಿಡಿಯುವ ಮೊದಲೇ ಕೈ ಭಾರ. ಸುಮಾರು 250 ಜಿಎಸ್‌ಎಂನ ಒಂದು ಕಾರ್ಡನ್ನು ಪುಟದಷ್ಟೇ ಅಗಲಕ್ಕೆ, ನಾಲ್ಕು ಖಾನೆಯ ಎತ್ತರಕ್ಕೆ, ಅಂದರೆ 148 × 144 ಮಿ.ಮೀ.ಗೆ ಕತ್ತರಿಸಿ. ಅದರ ಕೆಳ ಅಂಚು ಇಂದಿನ ಖಾನೆಯ ಮೇಲ್ಗೆರೆಗೆ ತಾಗುವಂತೆ ಇಡಿ. ಎರಡು ಮೂರನೆಯ ವರ್ಷದಲ್ಲಿ ಕಾರ್ಡ್ ಪುಟದಿಂದ ಮೇಲಕ್ಕೆ ಚಾಚಿಕೊಂಡರೂ ಪರವಾಗಿಲ್ಲ. ಮೊದಲು ಬರೆಯಿರಿ. ಮಸಿ ಒಣಗಲಿ. ಆಮೇಲೆ ಕಾರ್ಡ್ ತೆಗೆದು ಓದಿ, ಅಥವಾ ಆ ದಿನ ತೆಗೆಯಲೇಬೇಡಿ. ಕಾರ್ಡಿನ ಒಂದು ಬದಿಗೆ ಬ್ಲಾಟಿಂಗ್ ಪೇಪರ್ ಅಂಟಿಸಿಕೊಂಡರೆ ಮುಚ್ಚುವಾಗ ಹಸಿ ಮಸಿ ಎದುರು ಪುಟಕ್ಕೆ ಹತ್ತುವುದೂ ತಪ್ಪುತ್ತದೆ. ಇದನ್ನು ಡೈರಿಯ ಜೊತೆಯಲ್ಲೇ ಕೊಡಬೇಕಿತ್ತು, ಅಷ್ಟು ಅಗತ್ಯದ ವಸ್ತು.

ಧ್ಯಾನ, ಪ್ರಾರ್ಥನೆ, ಆತ್ಮಪರೀಕ್ಷೆ ಬರೆಯುವವರಿಗೆ ಈ ಪುಸ್ತಕ ಒಂದು ಸತ್ಯವನ್ನು ತೋರಿಸುತ್ತದೆ. 'ಕೋಪ ಬಿಡಬೇಕು' ಎಂದು ಒಬ್ಬರು ಒಂದು ತಾರೀಖಿಗೆ ಬರೆದರೆ, ಎರಡನೆಯ ವರ್ಷ ಅದರ ಹತ್ತಿರದ ಪುಟಗಳಲ್ಲೇ ಅದೇ ಮಾತು, ಮೂರನೆಯ ವರ್ಷವೂ ಅದೇ ಪದಗಳಲ್ಲಿ. ಸಂಕಲ್ಪ ಬರೆದಾಗ ಅರ್ಧ ಕೆಲಸ ಆದಂತೆ ಅನಿಸುವುದೇ ಇದರ ಕಾರಣ ಎಂದು ನನ್ನ ಅಭಿಪ್ರಾಯ. ಸಂಕಲ್ಪದ ಬದಲು ನಡೆದದ್ದನ್ನು ಬರೆಯಿರಿ: 'ಬೆಳಿಗ್ಗೆ 20 ನಿಮಿಷ ಕೂತೆ. 7ನೆಯ ನಿಮಿಷಕ್ಕೆ ನಿನ್ನೆಯ ಮಾತು ನೆನಪಾಗಿ ದವಡೆ ಬಿಗಿಯಿತು. ಉಸಿರು ಎಣಿಸಿದೆ, 40ರ ಹತ್ತಿರ ಲೆಕ್ಕ ತಪ್ಪಿತು.' ಶಾಂತಿ ಸಿಕ್ಕಿತೋ ಇಲ್ಲವೋ ಬರೆಯುವ ಅಗತ್ಯವಿಲ್ಲ. ಮುಂದಿನ ವರ್ಷ ಅದೇ ದವಡೆ ಬಿಗಿಯದಿದ್ದರೆ ಅದು ಮೇಲಿನ ಖಾನೆಯಿಂದ ತಾನೇ ತಿಳಿಯುತ್ತದೆ.

ತಪ್ಪಿದ ದಿನಗಳ ಬಗ್ಗೆ: ಎರಡು ದಿನದೊಳಗಾದರೆ ನೆನಪಿನಿಂದ ಬರೆಯಬಹುದು, ಆಮೇಲೆ ಬೇಡ. ಮೊಬೈಲಿನ ಫೋಟೋ ನೋಡಿಕೊಂಡು ಮೂರು ವಾರ ಒಟ್ಟಿಗೆ ತುಂಬಿದ ಖಾನೆಗಳು ಎಲ್ಲಿ ಹೋದೆ, ಏನು ಮಾಡಿದೆ ಎಂಬ ಪಟ್ಟಿಗಳಾಗುತ್ತವೆ. ಖಾಲಿ ಬಿಡಿ. ಮೂರು ವಾರದ ಖಾಲಿ ಜಾಗ, ಮುಂದೆ ನೋಡಿದಾಗ, ಆ ಮೂರು ವಾರ ಹೇಗಿತ್ತು ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ಫೆಬ್ರವರಿ 29ರ ಪುಟದಲ್ಲಿ ಐದರಲ್ಲಿ ಒಂದೋ ಎರಡೋ ಖಾನೆ ಮಾತ್ರ ಬಳಕೆಯಾಗುತ್ತದೆ. 2026ರಿಂದ 2030ರವರೆಗೆ ಬರೆಯುವವರಿಗೆ 2028ರದ್ದು ಒಂದೇ. ಉಳಿದ ಖಾನೆಗಳಲ್ಲಿ ವರ್ಷಕ್ಕೊಮ್ಮೆ, ಮತ್ತೆ ಓದಬೇಕೆನಿಸಿದ ತಾರೀಖುಗಳನ್ನು ಬರೆದಿಡಿ.

ಈಗಷ್ಟೇ ಯಾರನ್ನೋ ಕಳೆದುಕೊಂಡವರಿಗೆ, ಮನಸ್ಸು ಆಳದಲ್ಲಿ ನೊಂದಿರುವವರಿಗೆ ಇದನ್ನು ಕೊಡಬೇಡಿ. ಐದು ಸಾಲು ಅಂಥ ನೋವಿಗೆ ಸಾಲದು, ಮತ್ತು ವರ್ಷಾವಧಿ ಅದನ್ನೇ ತಂದು ಎದುರಿಗಿಡುತ್ತದೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬದುಕಿನ ಆಘಾತದ ಬಗ್ಗೆ ಸತತ 4 ದಿನ, ದಿನಕ್ಕೆ 15 ನಿಮಿಷ, ತಡೆಯಿಲ್ಲದೆ ಬರೆದಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ನೋವನ್ನೂ ಘಟನೆಯನ್ನೂ ಸೇರಿಸಿ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆಯಾಗಿತ್ತು. ಅಂಥ ಬರವಣಿಗೆಗೆ ಬೇಕಾದದ್ದು ಖಾನೆಯಿಲ್ಲದ, ಬರೆದು ಬೇಕಾದರೆ ಹರಿದು ಹಾಕಬಹುದಾದ ಬೇರೆ ನೋಟ್‌ಬುಕ್. ಉದ್ದಕ್ಕೆ ಬರೆದರೇ ಸಮಾಧಾನ ಎನ್ನುವ ಸ್ವಭಾವದವರಿಗೂ ಈ ಖಾನೆಗಳು ಉಸಿರು ಕಟ್ಟಿಸುತ್ತವೆ.

ಸರಿಯಾದ ಗೆರೆಯ ಡೈರಿ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಹೊಲಿಗೆ ಬೈಂಡಿಂಗ್ ಇರುವ, ತಲಾ 192 ಪುಟದ, ಗೆರೆಯಿರುವ ಎರಡು ನೋಟ್‌ಬುಕ್ ಸಾಕು. ಜನವರಿಯಿಂದ ಜೂನ್‌ವರೆಗೆ ಫೆಬ್ರವರಿ 29 ಸೇರಿ 182 ದಿನ, ಜುಲೈಯಿಂದ ಡಿಸೆಂಬರ್‌ವರೆಗೆ 184. ಎರಡರಲ್ಲೂ ಕೆಲವು ಪುಟ ಮಿಗುತ್ತವೆ. ಪುಟಕ್ಕೆ 21 ಗೆರೆ ಇದ್ದರೆ ಮೊದಲ ಗೆರೆ ತಾರೀಖಿಗೆ, ಉಳಿದ 20ರಲ್ಲಿ ನಾಲ್ಕು ಸಾಲಿನ ಐದು ಖಾನೆ. ತಾರೀಖುಗಳನ್ನು ಮೊದಲೇ ಎಲ್ಲ ಪುಟಕ್ಕೂ ಬರೆದುಬಿಡಿ, ಇಲ್ಲದಿದ್ದರೆ ಎರಡು ಹಾಳೆ ಅಂಟಿಕೊಂಡು ತಿರುವಿದ ಒಂದು ರಾತ್ರಿ ಲೆಕ್ಕ ತಪ್ಪಿ, ಅಲ್ಲಿಂದ ಮುಂದಿನ ಪುಟಗಳೆಲ್ಲ ಅದಲುಬದಲಾಗುತ್ತವೆ.

ಜನವರಿ 1ಕ್ಕಾಗಿ ಕಾಯುವ ಅಗತ್ಯವಿಲ್ಲ. ಇವತ್ತು ಅಕ್ಟೋಬರ್ 9 ಆಗಿದ್ದರೆ ಅಕ್ಟೋಬರ್ 9ರ ಪುಟ ಬಿಡಿಸಿ, ಮೊದಲ ಖಾನೆಯಲ್ಲಿ ಇಸವಿ, ವಾರ ಹಾಕಿ ಬರೆಯಿರಿ. ಡಿಸೆಂಬರ್ 31 ಮುಗಿದ ಮೇಲೆ ಪುಸ್ತಕದ ಮೊದಲಿಗೆ ಬನ್ನಿ, ಅಲ್ಲಿಯೂ ಮೊದಲ ಖಾನೆಯೇ. ಇಸವಿ ಮಾತ್ರ ಹೊಸದು. ಹೀಗೆ ಬರೆದರೆ ಪುಸ್ತಕದ ಕೊನೆಯ ಖಾನೆ ತುಂಬುವುದು ಐದು ವರ್ಷದ ನಂತರ, ಅಕ್ಟೋಬರ್ 8ರ ರಾತ್ರಿ, ಪುಸ್ತಕದ ನಡುವೆಲ್ಲೋ ಒಂದು ಪುಟದ ತಳದಲ್ಲಿ.